ಕಾಫಿ ಸೀಮೆಯಲ್ಲಿ ಕಾಫಿಪುಡಿ ಅಂಗಡಿ

ಮೊದಲೇ ಯೋಚಿಸಿ, ಬರೆದಿಟ್ಟುಕೊಂಡು, ಹಂತ ಹಂತವಾಗಿ ಕೆಲಸ ಮಾಡುವವರಿಗೇ ಇಂಥವೆಲ್ಲ ಆಗುತ್ತಿರುತ್ತವೆ. ಯೋಚಿಸದೆ ಮಾಡುವವರಿಗೂ ಆಗುತ್ತವೆ, ಆದರೆ ಅವರು ಹಣೆಬರಹ ಅಂದುಕೊಂಡು ಮುಖ ಒರೆಸಿಕೊಂಡು ಹೋಗಿಬಿಡುತ್ತಾರೆ. ನನಗೆ ಆ ಅನುಕೂಲ ಇರಲಿಲ್ಲ. ನನ್ನ ಹತ್ತಿರ ಪುಸ್ತಕ ಇತ್ತು.

ಎರಡನೇ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲಿನ ಮಾತು. ಮೂಡಿಗೆರೆಗೂ ಬಣಕಲ್ಲಿಗೂ ನಡುವೆ ಒಬ್ಬ ಬಿಳಿ ದೊರೆಯ ಎಸ್ಟೇಟಿನಲ್ಲಿ ನಾನು ರೈಟರು. ಬೆಳಿಗ್ಗೆ ಆಳುಗಳ ಹಾಜರಿ ಬರೆಯುವುದು, ತೋಟದ ಯಾವ ಪಟ್ಟಿಯಲ್ಲಿ ಎಷ್ಟು ಜನ, ಯಾರು ಕತ್ತಿ ತಂದಿಲ್ಲ, ಎಷ್ಟು ಮಳೆ ಬಂತು, ಎಲ್ಲ ಬರೆಯುವುದು. ನಮ್ಮ ದೊರೆ ಯಾವುದನ್ನೂ ಬರೆಯದೆ ಮಾಡಿದವನಲ್ಲ. ಯಾರನ್ನಾದರೂ ಬಯ್ಯಬೇಕಾದರೂ ಮೊದಲು ಚೀಟಿಯಲ್ಲಿ ಒಂದು, ಎರಡು, ಮೂರು ಅಂತ ಬರೆದುಕೊಂಡು ಆಮೇಲೆ ಬಯ್ಯುತ್ತಿದ್ದ. ಹನ್ನೊಂದು ವರ್ಷ ಅವನ ಜೊತೆ ಇದ್ದು ಆ ರೋಗ ನನಗೂ ಅಂಟಿತ್ತು.

ನಮ್ಮ ಕ್ವಾರ್ಟ್ರಸ್ಸು ಗುಡ್ಡದ ನೆತ್ತಿಯಲ್ಲಿ. ಅಕ್ಕಪಕ್ಕ ಅಂತ ಒಂದು ಮನೆ ಇಲ್ಲ. ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವನು. ಒಂದು ದಿನ ಮಧ್ಯಾಹ್ನವೇ ಬಂದೆ. ನನ್ನ ಹೆಂಡತಿ ಹಿತ್ತಿಲಲ್ಲಿ ಕೂತು ಒಂದು ಕೋಳಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದು ಹೇಗೆ ಅಂತ ಹೇಳಿಕೊಡುತ್ತಿದ್ದಳು. ಎಲ್ಲ ಹೇಳಿ ಮುಗಿಸಿ, "ಗೊತ್ತಾಯ್ತಾ?" ಅಂತಲೂ ಕೇಳಿದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆವತ್ತೇ ತೀರ್ಮಾನ ಮಾಡಿದೆ: ಮೂಡಿಗೆರೆ ಪೇಟೆಯಲ್ಲಿ ಒಂದು ಅಂಗಡಿ ಇಡುವುದು, ಇವಳನ್ನು ನಾಲ್ಕು ಜನರ ನಡುವೆ ಕೂರಿಸುವುದು.

ಯಾವ ಅಂಗಡಿ? ನನಗೆ ಗೊತ್ತಿದ್ದದ್ದು ಒಂದೇ ಸಾಮಾನು. ಕಾಫಿ.

ದೊರೆ ಸಿಟ್ಟಾಗಲಿಲ್ಲ. "ಹೋಗು. ಮಾಡಿ ನೋಡು," ಅಂದ. "ಈ ಸಲದ ಹಣ್ಣು ಕೊಯ್ಲು ಶುರು ಆಗೋವರೆಗೆ ಬದಲಿ ರೈಟರ್ ಇಡ್ತೇನೆ. ಅಂಗಡಿ ನಡೀಲಿಲ್ಲ, ಬಾ. ನಡೀತು, ಬರಬೇಡ. ಬರಕೋ."

ಬರೆದುಕೊಂಡೆ. ಮನೆಗೆ ಬಂದು ಇವಳಿಗೂ ಓದಿ ಹೇಳಿದೆ. ಅವಳು ಪಾತ್ರೆ ಕಟ್ಟುತ್ತಿದ್ದವಳು ತಲೆ ಎತ್ತದೆ, "ನಡೀಲಿಲ್ಲ ಅಂದ್ರೆ ನೀವು ಬನ್ನಿ. ನಾನು ಈ ಗುಡ್ಡ ಇನ್ನೊಂದು ಸಲ ಹತ್ತಲ್ಲ," ಅಂದಳು. ಅಲ್ಲಿಗೆ ಮಾತು ಮುಗಿಯಿತು. ಕ್ವಾರ್ಟ್ರಸ್ಸಿನ ಬೀಗದ ಕೀ ಮಾತ್ರ ನನ್ನ ಕೋಟಿನ ಜೇಬಿನಲ್ಲೇ ಉಳಿಯಿತು. ಮರೆತು ಉಳಿಯಿತು ಅಂತ ಹೇಳಿದರೆ ನೀವು ನಂಬಬಹುದು, ಅವಳು ನಂಬುವವಳಲ್ಲ. ಹಾಗಾಗಿ ಅವಳಿಗೆ ಹೇಳಲಿಲ್ಲ.

ಮೊದಲನೇ ಹಂತ: ಗಿರಾಕಿ ಎಷ್ಟು ಅಂತ ತಿಳಿಯುವುದು

ಬರೆಯದೆ ಉಳಿದಿದ್ದ ಒಂದು ಹಾಜರಿ ಪುಸ್ತಕವನ್ನೇ ಅಂಗಡಿಯ ಪುಸ್ತಕ ಮಾಡಿಕೊಂಡಿದ್ದೆ. ಅದರ ಮೊದಲ ಸಾಲು: ಪೇಟೆಯಲ್ಲಿ ಕಾಫಿ ಕುಡಿಯುವ ಮನೆ ಎಷ್ಟು?

ಆಳು ಎಣಿಸಿ ಎಣಿಸಿ ಅಭ್ಯಾಸ ಆದವನಿಗೆ ಇದೊಂದು ಕೆಲಸವೇ? ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬೆಳಿಗ್ಗೆ ಎಂಟಕ್ಕೆ ಹೊರಟೆ. ನಮ್ಮ ಕಡೆ ಒಂದು ಪದ್ಧತಿ ಇದೆ. ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದಿಲ್ಲ. ಕೊಟ್ಟದ್ದನ್ನು ಬೇಡ ಅಂದರೆ ಮನಸ್ಸಿನಲ್ಲಿ ಏನೋ ಇಟ್ಟುಕೊಂಡಿದ್ದಾನೆ ಅಂತ ಅರ್ಥ. ಹೊಸದಾಗಿ ಬೀದಿಗೆ ಬಂದವನು ನಾನು, ಯಾರ ಮನಸ್ಸು ನೋಯಿಸಲಿ? "ನಿಮ್ಮನೇಲಿ ಕಾಫಿ ಕುಡೀತೀರಾ?" ಅಂತ ನಾನು ಕೇಳುವುದು, ಒಳಗಿಂದ ಲೋಟ ಬರುವುದು, ನಾನು ಕುಡಿದು ಪುಸ್ತಕದಲ್ಲಿ ಗೀಟು ಹಾಕುವುದು.

ಹತ್ತೊಂಬತ್ತನೇ ಮನೆ ಹೊತ್ತಿಗೆ ನಾನು ಹಾಕಿದ ಗೀಟು ಎರೆಹುಳದ ಹಾಗೆ ಹರಿದಾಡುತ್ತಿತ್ತು. ಇಪ್ಪತ್ತಮೂರನೇ ಮನೆಯ ಅಜ್ಜಿ ನನ್ನ ಕೈ ನಡುಗುವುದು ನೋಡಿ, "ಪಾಪ, ಚಳಿ ಜ್ವರ ಇರಬೇಕು. ಬಿಸಿ ಕಾಫಿ ಕುಡಿ ಮಗ," ಅಂತ ಇನ್ನೊಂದು ಲೋಟ ಕೊಟ್ಟರು.

ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಮಲಗಿದೆ. ಆದರೂ ಹೆಮ್ಮೆ ಬಿಡಲಿಲ್ಲ. "ನೋಡೇ, ಒಂದು ಮನೆ ಬಿಡದಂಗೆ ಎಲ್ಲರೂ ಕುಡೀತಾರೆ," ಅಂದೆ.

"ಸರಿ," ಅಂದಳು. "ಪುಡಿ ಎಲ್ಲಿಂದ ತರ್ತಾರೆ ಅಂತ ಕೇಳಿದ್ರಾ?"

ಯಾಕೆ ತರುತ್ತಾರೆ? ಕೆಲವರ ಹಿತ್ತಿಲಲ್ಲೇ ಹತ್ತಿಪ್ಪತ್ತು ಗಿಡ. ಮಿಕ್ಕವರಿಗೆ ಅಣ್ಣನ ತೋಟ, ಮಾವನ ತೋಟ, ಷಡ್ಡಕನ ತೋಟ. ಅಂಗಡಿಯಲ್ಲಿ ಪುಡಿ ಕೊಂಡವನು ಆ ಪೇಟೆಯಲ್ಲಿ ಹುಟ್ಟೇ ಇರಲಿಲ್ಲ. ಅದು ಪುಸ್ತಕದಲ್ಲಿ ಇರಲಿಲ್ಲ ಅಂತ ಹೇಳಿ ಗೋಡೆ ಕಡೆ ತಿರುಗಿ ಮಲಗಿದೆ.

ಎರಡನೇ ಹಂತ: ಯಂತ್ರ

ಬೀಜ ಹುರಿಯುವುದಕ್ಕೆ ಒಂದು ತಿರುಗುವ ಡ್ರಮ್ಮು ಬೇಕು. ಕೆಳಗೆ ಸೌದೆ ಬೆಂಕಿ, ಮೇಲೆ ಡ್ರಮ್ಮು, ಪಕ್ಕದಲ್ಲಿ ಹ್ಯಾಂಡಲ್. ಹ್ಯಾಂಡಲ್ ತಿರುಗಿಸುತ್ತಲೇ ಇರಬೇಕು, ನಿಲ್ಲಿಸಿದರೆ ಬೀಜ ಸೀದುಹೋಗುತ್ತದೆ. ಇಷ್ಟನ್ನು ಚಿತ್ರ ಬರೆದುಕೊಂಡು ಮೋಟಾರು ರಿಪೇರಿ ಸಾಬರ ಹತ್ತಿರ ಹೋದೆ. ಬಣಕಲ್‌ ಕಡೆಯಿಂದ ಮೂಡಿಗೆರೆಗೆ ಬರುತ್ತಿದ್ದ ಒಂದೇ ಒಂದು ಬಸ್ಸು ಬದುಕಿದ್ದದ್ದು ಈ ಸಾಬರ ಕೈಗುಣದಿಂದ.

ಸಾಬರು ನನ್ನ ಚಿತ್ರವನ್ನು ತಲೆಕೆಳಗು ಹಿಡಿದು ನೋಡಿ, "ಎಂಟು ದಿನ ಬಿಟ್ಟು ಬನ್ನಿ ರೈಟರೇ. ಇಂಥ ಡ್ರಮ್ಮು ಮಂಗಳೂರಲ್ಲೂ ಸಿಗಬಾರದು, ಹಂಗೆ ಮಾಡ್ತೀನಿ," ಅಂದರು.

ಮಾಡಿದ್ದರು. ನಿಜವಾಗಿಯೂ ಅಂಥದ್ದು ಮಂಗಳೂರಲ್ಲಿ ಸಿಗುತ್ತಿರಲಿಲ್ಲ. ರಸ್ತೆಗೆ ಟಾರು ಹಾಕಿದವರು ಬಿಟ್ಟುಹೋದ ಪೀಪಾಯಿಗೆ ನಡುವೆ ಕಬ್ಬಿಣದ ಸರಳು ತೂರಿಸಿ, ತುದಿಗೆ ಬಸ್ಸು ಸ್ಟಾರ್ಟ್ ಮಾಡುವ ಹ್ಯಾಂಡಲ್ ಹಾಕಿದ್ದರು.

"ಇದು ಬಸ್ಸಿನ ಹ್ಯಾಂಡಲ್ ಅಲ್ವಾ ಸಾಬರೇ?"

"ಬಸ್ಸಿಗೂ ಆಗುತ್ತೆ, ನಿಮಗೂ ಆಗುತ್ತೆ. ಅವರಿಗೆ ಬೆಳಿಗ್ಗೆ ಒಂದು ಸಲ ಸಾಕು. ಆಮೇಲೆ ನೀವು ಎಷ್ಟು ಬೇಕಾದ್ರೂ ತಿರುಗಿಸಿ."

ಪರೀಕ್ಷೆಗೆ ಒಂದು ಸೇರು ಬೀಜ ಹುರಿದು ಅಲ್ಲೇ ಕಾಫಿ ಮಾಡಿದೆವು. ಲೋಟ ಮೂಗಿನ ಹತ್ತಿರ ಬಂದ ಕೂಡಲೇ ನನಗೆ ಹೊಸ ರಸ್ತೆಯ ಮೇಲೆ ಬೋರಲು ಬಿದ್ದ ಹಾಗಾಯಿತು. ಸಾಬರು ಮಾತ್ರ ಶಾಂತವಾಗಿ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ಚೆನ್ನಾಗಿದೆ ರೈಟರೇ. ಕೂತಲ್ಲೇ ಕೊಟ್ಟಿಗೆಹಾರದವರೆಗೆ ಹೋಗಿ ಬಂದಂಗೆ ಆಯ್ತು," ಅಂದರು.

ಮೂರನೇ ಹಂತ: ಮುಹೂರ್ತ

ಟಾರಿನ ವಾಸನೆ ಹೋಗಲು ಡ್ರಮ್ಮನ್ನು ಖಾಲಿ ಕಾಯಿಸಿ, ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿ, ಮತ್ತೆ ಕಾಯಿಸಿ, ಶ್ರಾವಣ ಬಂತು. ಪಕ್ಕದ ಮನೆ ಭಟ್ಟರು ಪಂಚಾಂಗ ನೋಡಿ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ ಒಲೆಗೆ ಬೆಂಕಿ ಹಚ್ಚಬೇಕು ಅಂದರು. ಒಂದು ನಿಮಿಷ ಆಚೆ ಈಚೆ ಆಗಕೂಡದು.

ಆಗಿನ ಮೂಡಿಗೆರೆಯಲ್ಲಿ ಹತ್ತು ಗಂಟೆ ಅಂದರೆ ಬಸ್ಸು ಬರುವ ಹೊತ್ತು. ಕಚೇರಿ ಗೋಡೆಯ ಗಡಿಯಾರ ಯಾವತ್ತೋ ಪೌಣೆ ನಾಲ್ಕಕ್ಕೆ ನಿಂತಿತ್ತು. ಬಸ್ಸು ಬಣಕಲ್ಲಿನಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಬಂದು ಪೇಟೆಯಲ್ಲಿ ಹಾರ್ನ್ ಹೊಡೆದರೆ ಹತ್ತು. ಮಾಸ್ತರರು ಆಮೇಲೆಯೇ ಸ್ಕೂಲಿನ ಗಂಟೆ ಹೊಡೆಸುತ್ತಿದ್ದರು.

ಅಂಗಡಿ ತುಂಬ ಜನ. ಮಾವಿನೆಲೆ ತೋರಣ, ಡ್ರಮ್ಮಿಗೆ ಕುಂಕುಮ, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ. ಭಟ್ಟರು ಕರ್ಪೂರ ಹಿಡಿದು ನಿಂತಿದ್ದಾರೆ. ನಾನು ಬೆಂಕಿಕಡ್ಡಿ ಹಿಡಿದು ನಿಂತಿದ್ದೇನೆ. ಬಸ್ಸಿನ ಸದ್ದಿಲ್ಲ. ಕಾದೆವು. ಬಂದವರ ಕಾಲು ಸೋತು ಒಬ್ಬೊಬ್ಬರೇ ಕುಕ್ಕರಗಾಲಲ್ಲಿ ಕೂತರು. ಕಾಫಿ ತೋಟದ ದೊಡ್ಡ ಗೌಡರು, ಪೇಟೆಗೆಲ್ಲ ಹಿರಿಯರು, ಒಂದೇ ಕುರ್ಚಿಯಲ್ಲಿ ಕೂತಿದ್ದವರು ಸಣ್ಣಗೆ ಗೊರಕೆ ಶುರು ಮಾಡಿದರು.

"ಹೊತ್ತು ನೆತ್ತಿಗೆ ಬಂತಲ್ಲ ಭಟ್ರೇ," ಅಂದೆ.

"ಬಸ್ಸು ಬಂತಾ?"

"ಇಲ್ಲ."

"ಮತ್ತೆ ಹತ್ತು ಹೆಂಗಾಗುತ್ತೆ? ಮುಹೂರ್ತ ಎಲ್ಲಿಗೂ ಹೋಗಿಲ್ಲ, ನಿಲ್ಲಿ."

ಅಷ್ಟರಲ್ಲಿ ಯಾರದೋ ಸೈಕಲ್ ತುಳಿದುಕೊಂಡು ಬಸ್ಸಿನ ಕಂಡಕ್ಟರ್ ಬಂದ. ಮಂಡಿವರೆಗೆ ಕೆಸರು, ಬಾಯಲ್ಲಿ ಉಸಿರಿಲ್ಲ. ಜನರನ್ನು ಸರಿಸಿಕೊಂಡು ನೆಟ್ಟಗೆ ಒಳಗೆ ಬಂದು ನಮ್ಮ ಹ್ಯಾಂಡಲ್ ಹಿಡಿದುಕೊಂಡ. "ಸಾಬರು ನಿನ್ನೆ ಒಂದು ದಿನಕ್ಕೆ ಅಂತ ತೆಗೆದು ಇಟ್ಟುಕೊಂಡ್ರು. ಇಲ್ಲಿಂದ ಇಳಿಜಾರಲ್ಲಿ ತಳ್ಳಿ ಓಡಿಸಿಕೊಂಡು ಹೋದ್ವಿ. ಬೆಳಿಗ್ಗೆ ನೋಡಿದ್ರೆ ಬಣಕಲ್ಲಲ್ಲಿ ಇಳಿಜಾರೇ ಇಲ್ಲ. ಹ್ಯಾಂಡಲ್ ಕೊಡಿ ಸ್ವಾಮಿ, ಜನ ಬಯ್ತಿದಾರೆ."

ಹಾರ ಸಮೇತ ಹ್ಯಾಂಡಲ್ ಬಣಕಲ್ಲಿಗೆ ಹೋಯಿತು. ಸೂರ್ಯ ಪಡುವಣಕ್ಕೆ ವಾಲಿದ ಮೇಲೆ ಬಸ್ಸು ಬಂದು ಹಾರ್ನ್ ಹೊಡೆಯಿತು. ಭಟ್ಟರು ಮುಖದ ಮೇಲೆ ಒಂದು ಗೆರೆ ಕದಲಿಸದೆ ಕರ್ಪೂರ ಹಚ್ಚಿ, "ನೋಡಿದ್ರಾ, ಸರಿಯಾಗಿ ಹತ್ತು," ಅಂದರು.

ನಾಲ್ಕನೇ ಹಂತ: ರುಚಿ ತೋರಿಸುವುದು

ಈ ಹಂತದ ಮೇಲೆ ನನಗೆ ಬಹಳ ಭರವಸೆ. ಮಂಗಳೂರಿನಲ್ಲಿ ಬೀಜ ಹಸನು ಮಾಡಿ ವಿಂಗಡಿಸುವ ಕ್ಯೂರಿಂಗ್ ಮನೆಯಿಂದ ಒಂದನೇ ನಂಬರಿನ ಬೀಜ ತರಿಸಿದ್ದೆ. ಹಡಗಿನಲ್ಲಿ ದೊರೆಗಳ ಸೀಮೆಗೆ ಹೋಗುವಂಥದ್ದು, ಒಂದೊಂದು ಬೀಜವೂ ಒಂದೇ ಅಚ್ಚು. ಹದವಾಗಿ ಹೊಂಬಣ್ಣಕ್ಕೆ ಹುರಿದು, ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ, ಕಾದು ಹಸಿದಿದ್ದ ಅಷ್ಟೂ ಜನಕ್ಕೆ ಲೋಟ ಲೋಟ ಕೊಟ್ಟೆ. ನನ್ನ ಹೆಂಡತಿ ಬಾಗಿಲ ಸಂದಿಯಿಂದ ಎಲ್ಲರ ಮುಖ ನೋಡುತ್ತಿದ್ದಳು.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌಡರು ನಿಧಾನವಾಗಿ ಕುಡಿದು ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಬಹಳ ವಿಶ್ವಾಸದಿಂದ ಹೇಳಿದರು: "ಕಷಾಯ ಚೆನ್ನಾಗಿತ್ತು ರೈಟರೇ. ಕಾಪಿ ಯಾವಾಗ ಕೊಡ್ತೀರಿ?"

ನನಗೆ ಮೈಯೆಲ್ಲ ಉರಿಯಿತು. ನೂರು ಎಕರೆ ಕಾಫಿ ಬೆಳೆಯುವ ಮನುಷ್ಯ ಕೇಳುವ ಮಾತೇ ಇದು? ಆಮೇಲೆ ತಣ್ಣಗೆ ಕೂತು ಯೋಚಿಸಿದರೆ, ಅವರ ತಪ್ಪೇನು? ನಮ್ಮ ಸೀಮೆಯಲ್ಲಿ ಒಳ್ಳೆ ಬೀಜ ಯಾವತ್ತೂ ಮನೆಯೊಳಗೆ ಬಂದದ್ದಿಲ್ಲ. ಅದು ಮೂಟೆ ಕಟ್ಟಿ ಘಟ್ಟ ಇಳಿಯುತ್ತದೆ. ಮನೆಗೆ ಉಳಿಯುವುದು ನೀರಿಗೆ ಹಾಕಿದರೆ ತೇಲುವ ಜೊಳ್ಳು, ಕಪ್ಪು ಬೀಜ, ಅಳಿಲು ಕಡಿದದ್ದು, ಒಣಗಿಸುವ ಕಣದಲ್ಲಿ ಕೊನೆಗೆ ಪೊರಕೆಯಲ್ಲಿ ಗುಡಿಸಿದ್ದು. ಅದನ್ನು ಇದ್ದಿಲಾಗುವವರೆಗೆ ಹುರಿದು, ಕುಟ್ಟಿ, ಬೆಲ್ಲ ಹಾಕಿ ಕುದಿಸಿದರೆ ಅದೇ ಕಾಫಿ. ಗೌಡರು ಅರವತ್ತು ವರ್ಷ ಕುಡಿದದ್ದು ಅದನ್ನೇ. ಅವರ ಕಾಫಿಯನ್ನು ಲಂಡನ್ನಿನವರು ಕುಡಿದಿದ್ದರು, ಅವರು ಕುಡಿದಿರಲಿಲ್ಲ.

ಪುಸ್ತಕದಲ್ಲಿ ಇಲ್ಲದ ಹಂತ: ಕಾಯುವುದು

ಎರಡು ತಿಂಗಳು ಕೂತೆ. ಅಂಗಡಿಗೆ ಜನ ಬರುತ್ತಿರಲಿಲ್ಲ ಅಂತಲ್ಲ. ಮಳೆ ಬಂದರೆ ನಿಲ್ಲುವುದಕ್ಕೆ ಬರುತ್ತಿದ್ದರು. ಬಸ್ಸು ಹೋಯಿತಾ ಅಂತ ಕೇಳುವುದಕ್ಕೆ ಬರುತ್ತಿದ್ದರು. ಪುಡಿ ಕೊಳ್ಳುತ್ತಿದ್ದವರು ಒಬ್ಬರೇ, ಬೆಂಗಳೂರಿನ ಕಡೆಯಿಂದ ಬಂದಿದ್ದ ಪೋಸ್ಟ್ ಮಾಸ್ತರರು. "ಇಂಥ ಪುಡಿ ನಾನು ಎಲ್ಲೂ ಕಂಡಿಲ್ಲ," ಅಂತ ವಾರಕ್ಕೊಮ್ಮೆ ಹೇಳಿ ನನ್ನ ಜೀವ ಹಿಡಿದಿಟ್ಟಿದ್ದರು. ಅವರಿಗೂ ಕಳಸಕ್ಕೆ ವರ್ಗವಾಯಿತು. ಅವರನ್ನು ಬೀಳ್ಕೊಡುವಾಗ ಪೋಸ್ಟಾಫೀಸಿನವರಿಗಿಂತ ಜೋರಾಗಿ ಅತ್ತವನು ನಾನು.

ಆದರೆ ಮಧ್ಯಾಹ್ನ ಮೂರಾದರೆ ನಮ್ಮ ಜಗಲಿ ತುಂಬುತ್ತಿತ್ತು. ಭಟ್ಟರ ಹೆಂಡತಿ, ಮಾಸ್ತರರ ಹೆಂಡತಿ, ಎದುರು ಮನೆಯ ಸಾಬರ ಮನೆಯವರು, ಎಲ್ಲ ಬಂದು ಕೂರುತ್ತಿದ್ದರು. ನನ್ನ ಹೆಂಡತಿ ಹನ್ನೊಂದು ವರ್ಷ ಕೂಡಿಟ್ಟಿದ್ದ ಮಾತನ್ನು ಮೂಟೆ ಬಿಚ್ಚಿ ಆಡುತ್ತಿದ್ದಳು. ಒಳಗೆ ಖಾಲಿ ತಕ್ಕಡಿ ಮುಂದೆ ಕೂತು ಅವಳ ನಗು ಕೇಳುವಾಗ ನನಗೆ ಖುಷಿಯೂ ಆಗುತ್ತಿತ್ತು, ಭಯವೂ ಆಗುತ್ತಿತ್ತು.

ದೀಪಾವಳಿ ಹತ್ತಿರ ಬಂತು. ದೊರೆಯಿಂದ ಚೀಟಿ ಬಂತು. ಒಂದು, ಹಣ್ಣು ಕೆಂಪಾಗುತ್ತಿದೆ. ಎರಡು, ಹಬ್ಬ ಕಳೆದ ಸೋಮವಾರ ಮೂಡಿಗೆರೆಗೆ ಬರುತ್ತೇನೆ. ಮೂರು, ಕಾರಿನಲ್ಲಿ ಜಾಗ ಇದೆ.

ಇವಳಿಗೆ ಓದಿ ಹೇಳಿದೆ. "ಜಾಗ ಇದ್ರೆ ನೀವು ಕೂತ್ಕೊಂಡು ಹೋಗಿ. ಒಬ್ಬರಿಗೆ ಆರಾಮಾಗಿ ಆಗುತ್ತೆ," ಅಂದಳು.

ಆವತ್ತು ಕೋಟು ಒಗೆಯಲು ಹಾಕುತ್ತೇನೆ ಅಂತ ಅವಳು ಎತ್ತಿಕೊಂಡಳು. ಜೇಬಿನಲ್ಲಿ ಕೀ. ಕಸಿದುಕೊಂಡು ಹೋಗಿ ಕೀಯನ್ನು ಒಂದನೇ ನಂಬರ್ ಪುಡಿಯ ಡಬ್ಬಿಯಲ್ಲಿ ಹುಗಿದು ಮುಚ್ಚಳ ಹಾಕಿದೆ. ಇಡೀ ಮೂಡಿಗೆರೆಯಲ್ಲಿ ಯಾರೂ ಕೈ ಹಾಕದ ಜಾಗ ಅದೊಂದೇ.

ಸೀದ ದಿನ

ತರಿಸಿದ್ದ ಒಳ್ಳೆ ಬೀಜ ಎಲ್ಲ ಪುಡಿಯಾಗಿ ಡಬ್ಬಿ ಸೇರಿ ಮುಗಿಯಿತು. ಮತ್ತೆ ತರಿಸಲು ನನಗೆ ಮುಖ ಇರಲಿಲ್ಲ. ಆಗ ನನ್ನ ಹೆಂಡತಿ ಜಗಲಿಯಿಂದ ಒಂದು ಸುದ್ದಿ ತಂದಳು. ಹೊಸ ಫಸಲಿಗೆ ಜಾಗ ಬೇಕು ಅಂತ ಗೌಡರ ತೋಟಕ್ಕೆ ಬಂದ ಹೊಸ ಮೇಸ್ತ್ರಿ ಗೋಡೌನ್ ಗುಡಿಸುತ್ತಿದ್ದಾನೆ. ಮೂಲೆಯಲ್ಲಿದ್ದ ಹಳೇ ಜೊಳ್ಳು, ಕಪ್ಪು ಬೀಜ, ಕಣದ ಗುಡಿಸಿದ್ದು, ಎಲ್ಲ ಗೊಬ್ಬರದ ಗುಂಡಿಗೆ ಹಾಕಿಸುತ್ತಿದ್ದಾನೆ. ಇವಳು ನನ್ನನ್ನು ಕೇಳಲೂ ಇಲ್ಲ. ಗಾಡಿ ಕಳಿಸಿ ಆರು ಮೂಟೆ ತರಿಸಿಬಿಟ್ಟಳು.

"ಹನ್ನೊಂದು ವರ್ಷ ಇದನ್ನ ಕಸ ಅಂತ ಬರೆದವನು ನಾನು," ಅಂದೆ.

"ಬರೆದದ್ದು ಸಾಕು. ಹುರೀರಿ," ಅಂದಳು.

ಸಿಟ್ಟಿನಿಂದಲೇ ಡ್ರಮ್ಮಿಗೆ ತುಂಬಿ ತಿರುಗಿಸತೊಡಗಿದೆ. ಅರ್ಧ ಹುರಿದಿತ್ತು, ಕಂಡಕ್ಟರ್ ಬಂದ. ಮುಹೂರ್ತದ ಗಲಾಟೆ ಆದ ಮೇಲೆ ಬಸ್ಸಿಗೆ ಅಂತ ಮಾಡಿಸಿಕೊಂಡಿದ್ದ ಬೇರೆ ಹ್ಯಾಂಡಲ್ ಮುರಿದಿತ್ತಂತೆ. "ಐದೇ ನಿಮಿಷ ಸ್ವಾಮಿ," ಅಂತ ನನ್ನ ಕೈಯಿಂದಲೇ ಎಳೆದುಕೊಂಡು ಓಡಿದ. ಬಸ್ಸು ಸ್ಟಾರ್ಟ್ ಆಯಿತು. ಹ್ಯಾಂಡಲ್ ಇಳಿಸಲು ಮರೆತು ಹಾಗೇ ಹೊರಟೂಹೋಯಿತು. ನಾನು ಕೂಗುತ್ತ ಸಂತೆ ಮಾಳದವರೆಗೆ ಅಟ್ಟಿಸಿಕೊಂಡು ಹೋಗಿ, ಬರಿಗೈಯಲ್ಲಿ ತಿರುಗಿ ನೋಡಿದರೆ ಅಂಗಡಿಯ ಹೆಂಚಿನ ಸಂದಿಯಿಂದೆಲ್ಲ ಕಪ್ಪು ಹೊಗೆ.

ಬೀದಿಯೇ ಓಡಿ ಬಂತು. ಯಾರ ಕೈಯಲ್ಲಿ ಕೊಡ, ಯಾರ ಕೈಯಲ್ಲಿ ಬಕೆಟ್ಟು. ಬಾಗಿಲ ಹತ್ತಿರ ಬಂದವರು ನಿಂತುಬಿಟ್ಟರು. ಮೂಗು ಅರಳಿಸಿದರು. ಆವತ್ತು ನನಗೆ ಎರಡು ಲೋಟ ಕೊಟ್ಟಿದ್ದ ಅಜ್ಜಿ ಕೊಡ ಕೆಳಗಿಟ್ಟು, "ಯಾರೇ ಅದು ಕಾಫಿ ಮಾಡ್ತಿರೋದು?" ಅಂದರು.

ನನ್ನ ಹೆಂಡತಿ ಆ ಇದ್ದಿಲನ್ನೇ ಪುಡಿ ಮಾಡಿ, ಬೆಲ್ಲ ಹಾಕಿ, ಒಂದು ಹಂಡೆ ಕುದಿಸಿ ಎಲ್ಲರಿಗೂ ಕೊಟ್ಟಳು. ಹೊಸ ಹಣ್ಣು ಬರುವ ಮುಂಚಿನ ಆ ತಿಂಗಳಲ್ಲಿ ಎಲ್ಲರ ಮನೆಯ ಡಬ್ಬಿಯೂ ತಳ ಕಂಡಿರುತ್ತದಂತೆ. ಮಳೆಗಾಲ ಕಳೆದ ಒದ್ದೆ ಸೌದೆಯಲ್ಲಿ ಹುರಿದು ಕುಟ್ಟಿ ಹೆಂಗಸರಿಗೆ ಸಾಕಾಗಿರುತ್ತದಂತೆ. ಇದು ನನ್ನ ಪುಸ್ತಕಕ್ಕೆ ಗೊತ್ತಿರಲಿಲ್ಲ, ಅವಳ ಜಗಲಿಗೆ ಗೊತ್ತಿತ್ತು. ಬೆಂಕಿ ಆರಿಸಲು ಕೊಡ ಹಿಡಿದು ಬಂದವರು ನೀರು ಚೆಲ್ಲಿ, ಒರೆಸಿ, ಅದೇ ಕೊಡದಲ್ಲಿ ಪುಡಿ ತುಂಬಿಸಿಕೊಂಡು ಹೋದರು.

ಮರುದಿನದಿಂದ ನಮ್ಮ ಹದ ಗೊತ್ತಾಯಿತು. ಹುರಿಯುವ ನಡುವೆ ಬಸ್ಸಿಗೆ ಹ್ಯಾಂಡಲ್ ಕೊಟ್ಟು ಬೀಜ ಸೀಯಲು ಬಿಡುವುದು, ಬಸ್ಸು ಬಣಕಲ್ ದಾರಿಯ ತಿರುವು ದಾಟಿ ಸದ್ದು ನಿಂತ ಮೇಲೆ ಒಲೆಯ ಬೆಂಕಿ ಹೊರಗೆಳೆಯುವುದು. ಒಂದು ದಿನ ಬಸ್ಸು ಕೆಟ್ಟು ಹೊರಡಲಿಲ್ಲ. ಆವತ್ತಿನ ಪುಡಿ ಹದವಾಗಿ ಹುರಿದಿದೆ ಅಂತ ಹೇಳಿ ಏಳು ಜನ ವಾಪಸ್ ತಂದುಕೊಟ್ಟರು.

ಗೌಡರ ಸಂಕಟ

ಆ ವಾರದ ಕೊನೆಗೆ ಗೌಡರು ಅಂಗಡಿಗೆ ಬಂದರು. ಮುಖ ಬಾಡಿತ್ತು. ಕುರ್ಚಿಯಲ್ಲಿ ಕೂತು, "ಯಾರಿಗೂ ಹೇಳಬೇಡಿ ರೈಟರೇ. ನಮ್ಮನೇಲಿ ಕಾಪಿ ನಿಂತುಹೋಗಿದೆ," ಅಂದರು.

"ನಿಮ್ಮನೇಲಾ ಗೌಡ್ರೇ?"

"ಎಂತ ಮಾಡೋದು ಮಾರಾಯ. ಮೂಲೇಲಿದ್ದ ಮೂಟೆ ಎಲ್ಲ ಆ ಮೇಸ್ತ್ರಿ ಎತ್ತಿ ಬಿಸಾಕಿದಾನೆ. ಸೊಸೆ ಪಾರ್ಚ್‌ಮೆಂಟ್ ಅಂತ ಮಂಗಳೂರಿಗೆ ಕಳಿಸೋ ಮೂಟೆ ಬಿಚ್ಚಿ ಒಳ್ಳೆ ಬೀಜದಲ್ಲಿ ಮಾಡಿಕೊಡ್ತಾಳೆ. ಒಂದು ವಾರದಿಂದ ಕಷಾಯ ಕುಡೀತಿದೀನಿ. ತಲೆ ಓಡ್ತಿಲ್ಲ."

ಒಳಗಿಂದ ಒಂದು ಲೋಟ ಬಂತು. ಗೌಡರು ಒಂದು ಗುಟುಕು ಕುಡಿದರು. ಕಣ್ಣಲ್ಲಿ ನೀರು ತುಂಬಿತು. ಎರಡನೇ ಗುಟುಕಿಗೆ ಬೆನ್ನು ನೆಟ್ಟಗಾಯಿತು. "ಇದು ಕಾಪಿ. ಎಲ್ಲೀದು ಬೀಜ?"

ಅವರ ಗೊಬ್ಬರದ ಗುಂಡಿಯದ್ದು ಅಂತ ಹೇಗೆ ಹೇಳಲಿ? ಅವರೇ ಮುಂದುವರಿಸಿದರು. "ಹೇಳೋದು ಬೇಡ ಬಿಡಿ, ವ್ಯಾಪಾರದ ಗುಟ್ಟು. ಇದರ ಬೀಜ ಒಂದು ಮೂಟೆ ಕೊಡಿ. ನಮ್ಮ ಒಂದನೇ ನಂಬರ್ ಪಾರ್ಚ್‌ಮೆಂಟ್ ಒಂದು ಮೂಟೆ ಕೊಡ್ತೀನಿ. ಮೂಟೆಗೆ ಮೂಟೆ."

ಅಷ್ಟಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ: ಗೌಡ್ರೇ, ಇದು ನಿಮ್ಮ ಕಣದ್ದೇ ಗುಡಿಸಿದ್ದು, ನಿಮ್ಮ ಮೇಸ್ತ್ರಿ ಬಿಸಾಕಿದ್ದು. ಬಯ್ಯುತ್ತಾರೆ ಅಂತ ತಲೆ ತಗ್ಗಿಸಿ ನಿಂತೆ.

ಗೌಡರು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಮುಖದಲ್ಲಿ ಹೆಮ್ಮೆ ತುಂಬಿ ಬಂತು. "ನಮ್ಮ ಕಣದ್ದಾ? ಅದಕ್ಕೇ ಮತ್ತೆ. ಮಣ್ಣಿನ ರುಚಿ ನಾಲಿಗೆಗೆ ಗೊತ್ತಾಗುತ್ತೆ."

ಇನ್ನು ಮೇಲೆ ವರ್ಷವರ್ಷದ ಗುಡಿಸಿದ್ದೆಲ್ಲ ನಮ್ಮ ಅಂಗಡಿಗೇ, ಅವರ ಮನೆಗೆ ಬೇಕಾದ ಪುಡಿ ನಮ್ಮಿಂದ ಅಂತ ಮಾತಾಯಿತು. ಹೋಗುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ, "ಮೇಸ್ತ್ರಿಗೆ ಹೇಳ್ತೀನಿ, ಗುಡಿಸೋವಾಗ ಜಾಸ್ತಿ ಚೊಕ್ಕಟ ಮಾಡಬೇಡ ಅಂತ," ಅಂದರು.

ಕೊನೆಯ ಹಂತ

ಸೋಮವಾರ ಬಂತು. ಅಂಗಡಿ ನಡೆಯುತ್ತಿತ್ತು, ನಿಜ. ಆದರೆ ನಡೆದು ಎಷ್ಟು ದಿನ? ಹದಿನೈದು ದಿನ. ಎಸ್ಟೇಟಿನ ಕುರ್ಚಿ ಹನ್ನೊಂದು ವರ್ಷದ್ದು. ನನಗೆ ಹೆದರಿಕೆ ಹೋಗಿರಲಿಲ್ಲ ಅಂತ ಈಗ ಒಪ್ಪಿಕೊಂಡರೆ ತಪ್ಪಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಆ ಡಬ್ಬಿಯ ಮುಚ್ಚಳ ಮುಟ್ಟಿ ನೋಡಿದ್ದೆ.

ದೊರೆಯ ಕಾರು ಬಂದು ನಿಂತಿತು. ಅಂಗಡಿ ಮುಂದೆ ಜನ ಸಾಲು ನಿಂತಿದ್ದರು, ದೊರೆಯನ್ನು ನೋಡಿ ಸರಿದರು. ಅವನು ಒಳಗೆ ಬಂದು ಟೋಪಿ ತೆಗೆದು ಗೋಡೆ, ಡ್ರಮ್ಮು, ತಕ್ಕಡಿ ಎಲ್ಲ ನೋಡಿದ. "ರೈಟರ್, ನಡೀತದೆ?"

"ನಡೀತದೆ ದೊರೆ."

"ಒಂದು ಕಪ್ ಕೊಡು."

ನಮ್ಮ ದೊರೆ ಇಪ್ಪತ್ತು ವರ್ಷ ಕಾಫಿ ಬೆಳೆದವನು. ಬಂಗಲೆಯಲ್ಲಿ ಕುಡಿಯುತ್ತಿದ್ದದ್ದು ಮಾತ್ರ ಮೂರು ಹೊತ್ತೂ ಟೀ. ನನ್ನ ಹೆಂಡತಿ ಕೊಟ್ಟ ಲೋಟ ತೆಗೆದುಕೊಂಡು ದೊಡ್ಡ ಗುಟುಕು ಕುಡಿದ. ನಿಂತ. ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಮರ್ಯಾದಸ್ಥ, ಉಗುಳಲಿಲ್ಲ. ನುಂಗಿದ. "ರೈಟರ್," ಅಂದ, "ನಾನು ಇಪ್ಪತ್ತು ವರ್ಷ ಟೀ ಯಾಕೆ ಕುಡೀತೇನೆ, ಇವತ್ತು ಗೊತ್ತಾಯ್ತು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. "ಬೇರೆ ಇಲ್ಲ? ಮಂಗಳೂರಿಂದ ಗೆಸ್ಟ್ ಬರ್ತಾರೆ. ಅವರಿಗೆ ಒಳ್ಳೇದು ಬೇಕು."

"ಇದೆಯಲ್ಲ," ಅಂತ ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಮೇಲಿನ ಹಲಗೆಯಿಂದ ಒಂದನೇ ನಂಬರ್ ಡಬ್ಬಿ ಇಳಿಸಿದಳು. ಪೋಸ್ಟ್ ಮಾಸ್ತರರು ಹೋದ ಮೇಲೆ ಅದಕ್ಕೊಬ್ಬ ಗಿರಾಕಿ ಬಂದ ಸಂತೋಷ ಅವಳಿಗೆ. ಬೇಡ, ಬೇಡ ಅಂತ ನಾನು ಕೈ ಚಾಚಿದೆ. ಅವಳು ಮುಚ್ಚಳ ತೆಗೆದು ಚಮಚ ಹಾಕಿ ಎತ್ತಿ ತಕ್ಕಡಿಗೆ ಸುರಿದಳು. ಠಣ್ ಅಂತ ಸದ್ದಾಯಿತು. ಹೊಂಬಣ್ಣದ ಪುಡಿಯ ನಡುವೆ ಹಿತ್ತಾಳೆಯ ದೊಡ್ಡ ಕೀ.

ಅವಳು ಕೀ ನೋಡಿದಳು, ನನ್ನನ್ನು ನೋಡಿದಳು. ಹನ್ನೊಂದು ವರ್ಷ ದಿನಾ ತೆಗೆದು ಹಾಕಿದ ಕೀ, ಗುರುತು ಹೇಳಬೇಕಾಗಿರಲಿಲ್ಲ. ನಾನು ನೆಲ ನೋಡಿದೆ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ನನ್ನ ಮೇಲೆ ಇರಲಿಲ್ಲ ಅಂತ ಹೇಳಬೇಕು ಅನ್ನಿಸಿತು.

ಮಾತಾಡಿದವನು ದೊರೆ. ಕೀ ಎತ್ತಿ ಪುಡಿ ಊದಿ, ಎಸ್ಟೇಟಿನ ನಂಬರ್ ಓದಿ, "ಇದು ಇಲ್ಲಿದೆ?" ಅಂದ. "ಬೀಗ ಒಳ್ಳೇದು, ಸೀಮೆಯಿಂದ ತರಿಸಿದ್ದು. ಒಡೆಯಲು ನಾನು ಬಿಡಲಿಲ್ಲ. ಪಾಪ, ಆ ಬದಲಿ ರೈಟರ್ ಆರು ತಿಂಗಳಿಂದ ಕಿಟಕಿಯಲ್ಲಿ ಹತ್ತಿ ಇಳೀತಾನೆ. ಅವನ ಹೆಂಡತಿ ಕೂಡ."

ಯಾರೋ ಹಿಂದೆ ಕಿಸಕ್ಕೆಂದರು. ನನ್ನ ಹೆಂಡತಿ ಜನ್ಮದಲ್ಲಿ ದೊರೆಯ ಎದುರು ಬಾಯಿ ಬಿಟ್ಟವಳಲ್ಲ. ಸೆರಗು ಸರಿ ಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ಅವರಿಗೆ ಇನ್ನು ಮೇಲೆ ಬಾಗಿಲಲ್ಲೇ ಓಡಾಡೋಕೆ ಹೇಳಿ ದೊರೆ," ಅಂದಳು. "ನಾವು ಬರಲ್ಲ."

ದೊರೆ ನನ್ನ ಕಡೆ ನೋಡಿದ. ನಾನು ತಲೆ ಆಡಿಸಿದೆ. ಅವನು ಚೀಟಿ ತೆಗೆದು ಏನೋ ಹೊಡೆದುಹಾಕಿ, ಕೀ ಜೇಬಿಗೆ ಹಾಕಿಕೊಂಡು, ಪುಡಿ ಕಟ್ಟಿಸಿಕೊಂಡು ಹೋದ.

ಕಾರಿನ ಸದ್ದು ನಿಂತ ಮೇಲೆ ಅವಳು ಹಲಗೆಯ ಮೇಲಿದ್ದ ಅಷ್ಟೂ ಡಬ್ಬಿ ಒಂದೊಂದಾಗಿ ಇಳಿಸಿ ನನ್ನ ಮುಂದೆ ಸಾಲಾಗಿ ಇಟ್ಟಳು. "ಈಗ ಹೇಳಿಬಿಡಿ," ಅಂದಳು, "ಯಾವುದರಲ್ಲಿ ಇನ್ನೇನು ಇಟ್ಟಿದ್ದೀರಿ?"